ಪಟ್ಟ ಕಟ್ಟುವ ಕೈ

ವಿದ್ಯಾರಣ್ಯಪುರದ ಬಸ್ ಸ್ಟಾಪಿನಲ್ಲಿ ಮೊನ್ನೆ ಕಿವಿಗೆ ಬಿದ್ದ ಮಾತು: “ಒಂದಿನ ಲೇಟಾಗಿ ಹೋಗಿದ್ದಕ್ಕೆ ಸೋಮಾರಿ ಅಂತ ಪಟ್ಟ ಕಟ್ಬಿಟ್ರು ಕಣೇ.” ಪಕ್ಕದ ಅಂಗಡಿಯಲ್ಲಿ ತೂಗುಬಿಟ್ಟ ಪತ್ರಿಕೆಯಲ್ಲಿ ಇನ್ನೊಂದು ಪಟ್ಟ, ಕ್ರಿಕೆಟ್ಟಿನ ನಂಬರ್ ಒನ್ ಪಟ್ಟ. ಪಟ್ಟದಕಲ್ಲಿಗೆ ಹೆಸರು ಕೊಟ್ಟ ಪದ, ಪಟ್ಟದರಸಿ, ಪಟ್ಟದಾನೆಗಳ ಪದ ಇಷ್ಟು ಅಗ್ಗವಾಗಬಾರದಿತ್ತು.

ಆದರೆ ಬಸ್ ಸ್ಟಾಪಿನ ಹುಡುಗಿಯ ಬಳಕೆ ಪತ್ರಿಕೆಯದಕ್ಕಿಂತ ಮೂಲಕ್ಕೆ ಹತ್ತಿರ. ಕಿರೀಟವನ್ನು ತಾನೇ ಇಟ್ಟುಕೊಳ್ಳಬಹುದು. 1804ರಲ್ಲಿ ನೆಪೋಲಿಯನ್ ಹಾಗೇ ಮಾಡಿದ. ಹಣೆಗೆ ಕಟ್ಟುವ ಪಟ್ಟಿಯಾದ ಪಟ್ಟವನ್ನು ಮಾತ್ರ ಇನ್ನೊಬ್ಬರು ಕಟ್ಟಬೇಕು. ಕಟ್ಟುವ ಕೈ ಕೆಟ್ಟದ್ದಾದರೆ ಹಣೆಯ ಗತಿ ಏನು? ಅಪವಾದದ ‘ಪಟ್ಟ’ ಹುಟ್ಟಿದ್ದು ಅರಮನೆಯ ಒಳಜಗಳಗಳಲ್ಲೇ ಎಂಬುದು ಈ ಅಂಕಣದ ವಾದ.

ವಿದ್ಯಾರಣ್ಯರ ಹೆಸರಿನೊಂದಿಗೆ ಬೆಸೆದ ವಿಜಯನಗರದ ಕೊನೆಗಾಲವನ್ನೇ ನೋಡಬಹುದು. 1614ರಲ್ಲಿ ಅರವೀಡು ವಂಶದ ವೆಂಕಟಪತಿರಾಯ ತೀರಿಕೊಂಡಾಗ ಪಟ್ಟ ಸಂದದ್ದು ಅವನು ಗೊತ್ತುಮಾಡಿದ್ದ ಶ್ರೀರಂಗನಿಗೆ. ಗೊಬ್ಬೂರಿ ಜಗ್ಗರಾಯನೆಂಬ ಸರದಾರನಿಗೆ ರಾಣಿಯ ಮಗನೆಂದು ಹೇಳಲಾದ ಹುಡುಗನಿಗೆ ಅದನ್ನು ಕಟ್ಟುವ ಹಟ. ಶ್ರೀರಂಗನನ್ನು ಸಂಸಾರ ಸಮೇತ ಸೆರೆಗೆ ಹಾಕಿದ; ಸೆರೆಯಲ್ಲೇ ಅವರೆಲ್ಲ ಅಳಿದರು. ಉಳಿದವನು ಶ್ರೀರಂಗನ ಸುಮಾರು 12 ವರ್ಷದ ಮಗ ರಾಮನೊಬ್ಬನೇ. ಶ್ರೀರಂಗನ ಪರವಿದ್ದ ಯಾಚಮ ನಾಯಕನ ಉಪಾಯದಂತೆ ಅಗಸನೊಬ್ಬ ಅವನನ್ನು ಬಟ್ಟೆಗಂಟಿನಲ್ಲಿ ಸುತ್ತಿ ಹೊತ್ತು ತಂದ. ಪೋರ್ಚುಗೀಸ್ ಪಾದ್ರಿ ಬರಾದಾಸ್ 1616ರಲ್ಲಿ ಬರೆದ ಪತ್ರದಲ್ಲಿ ಈ ಕಥೆಯಿದೆ.

‘ಆಳಾಗಬಲ್ಲವನು ಅರಸನಾಗಬಲ್ಲ’ ಎಂಬ ಗಾದೆಯನ್ನು ಮನೆಗಳಲ್ಲಿ ಇಂದು ಮೈಗಳ್ಳ ಮಕ್ಕಳಿಗೆ ಹೇಳುತ್ತಾರೆ, ಕಚೇರಿಗಳಲ್ಲಿ ಹೊಸದಾಗಿ ಸೇರಿದವರಿಗೆ ಹೇಳುತ್ತಾರೆ. ದುಡಿ, ಮೇಲೆ ಬರುತ್ತೀಯ ಎಂಬಷ್ಟಕ್ಕೇ ಅದನ್ನು ಇಳಿಸಿಬಿಟ್ಟಿದ್ದೇವೆ. ರಾಮನ ಪಾಲಿಗೆ ಗಾದೆ ಅಕ್ಷರಶಃ ನಿಜವಾಯಿತು, ಅದೂ ತಲೆಕೆಳಗಾಗಿ. ಅರಸನಾಗಬೇಕಾದವನು ಮೊದಲು ಆಳೂ ಆಗಲಿಲ್ಲ, ಆಳಿನ ಬೆನ್ನ ಮೇಲಿನ ಮೈಲಿಗೆ ಬಟ್ಟೆಯಾದ. ಆ ಗಂಟಿನೊಳಗೆ ಅವನು ಕೆಮ್ಮಿದ್ದರೆ? ಕಾವಲಿನವನು ಗಂಟು ಬಿಚ್ಚಿಸಿದ್ದರೆ? ಒಂದು ಸಾಮ್ರಾಜ್ಯದ ಉತ್ತರಾಧಿಕಾರವನ್ನು ಹೊತ್ತ ಆ ಮನುಷ್ಯನ ಧೈರ್ಯಕ್ಕೆ ಗಾದೆಯಲ್ಲಿ ಜಾಗವಿಲ್ಲ. ಇರಬೇಕಿತ್ತು.

ರಷ್ಯಾದ ರೊಮನೋವ್ ಮನೆಯವರಿಗೆ ಅಂಥ ಅಗಸ ಸಿಗಲಿಲ್ಲ. 1613ರಲ್ಲಿ, ಅಂದರೆ ನಮ್ಮಲ್ಲಿ ವೆಂಕಟಪತಿರಾಯ ತೀರಿಕೊಳ್ಳುವ ಹಿಂದಿನ ವರ್ಷ, ಗದ್ದುಗೆಯೇರಿದ ವಂಶ ಅದು. 1917ರ ಮಾರ್ಚಿನಲ್ಲಿ ಎರಡನೇ ನಿಕೋಲಸ್ ತನ್ನ ಪರವಾಗಿಯೂ ರೋಗಿ ಮಗ ಅಲೆಕ್ಸಿಯ ಪರವಾಗಿಯೂ ಪಟ್ಟ ಬಿಟ್ಟ. ತಮ್ಮ ಮಿಖಾಯಿಲ್ ಮರುದಿನ ಅದನ್ನು ಬೇಡವೆಂದ. 1918ರ ಜುಲೈ 17ರ ನಸುಕಿನಲ್ಲಿ ಯೆಕಟೆರಿನ್‌ಬರ್ಗ್‌ನ ನೆಲಮಾಳಿಗೆಯಲ್ಲಿ ಅಪ್ಪ, ಅಮ್ಮ, ಐವರು ಮಕ್ಕಳು, ಜೊತೆಗಿದ್ದ ನಾಲ್ವರು ಗುಂಡಿಗೆ ಬಲಿಯಾದರು. ಕಿರಿಯ ಮಗಳು ಅನಸ್ತಾಸಿಯಾ ಬದುಕಿದ್ದಾಳೆಂಬ ಸುದ್ದಿಯನ್ನು ಜಗತ್ತು ದಶಕಗಟ್ಟಲೆ ನಂಬಿತು. 2007ರಲ್ಲಿ ಸಿಕ್ಕ ಕೊನೆಯ ಮೂಳೆಗಳ ಡಿಎನ್‌ಎ ಪರೀಕ್ಷೆ ಆ ಆಸೆಯನ್ನು ಮುಗಿಸಿತು.

ರಾಮ ಮಾತ್ರ ನಿಜಕ್ಕೂ ಬದುಕಿದ. ಈ ಪಟ್ಟಕ್ಕಾಗಿಯೇ ನಡೆದ ತೋಪೂರಿನ ಯುದ್ಧದಲ್ಲಿ ಜಗ್ಗರಾಯ ಸತ್ತ. ರಾಮದೇವರಾಯನೆಂಬ ಹೆಸರಲ್ಲಿ ಹುಡುಗ 1632ರವರೆಗೆ ಆಳಿದ. ವಂಶದ ಕೊನೆಯ ಮೂರನೇ ಶ್ರೀರಂಗನಿಗೆ ಹೆಸರಿಗೆ ಪಟ್ಟವಿತ್ತು, ನೆಲವಿರಲಿಲ್ಲ. ಅವನಿಗೆ ಬೇಲೂರಿನಲ್ಲಿ ನೆಲೆ ಕೊಟ್ಟವನು, ಹಿಂದೆ ಅದೇ ಸಾಮ್ರಾಜ್ಯಕ್ಕೆ ಕಪ್ಪ ಕೊಡುತ್ತಿದ್ದ ಮನೆತನದ ಕೆಳದಿ ಶಿವಪ್ಪ ನಾಯಕ.