ಕಡತದಿಂದ ಗಣಕಕ್ಕೆ: ಕಪಿಲಾ ತೀರದಲ್ಲಿ ಲೆಕ್ಕದ ಕಸುಬಿನ ಕಲಿಕೆ

ಕಪಿಲೆಯ ದಡದ ನಂಜನಗೂಡು ಮತ್ತು ಆ ನದಿ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ ಜಾನಪದ ಅಧ್ಯಯನಕಾರರಿಗೆ ಪರಿಚಿತವಾಗಿರುವುದು ಜಾತ್ರೆ, ಕಂಸಾಳೆ, ನೀಲಗಾರರ ಪದಗಳ ಮೂಲಕ. ಕುಂಬಾರಿಕೆ, ನೇಯ್ಗೆಗಳಂತೆ ಮನೆತನದೊಳಗೆ ಕೈಯಿಂದ ಕೈಗೆ ಸಾಗಿಬಂದ ಇನ್ನೊಂದು ಕಸುಬು, ಅಂದರೆ ಊರ ಲೆಕ್ಕ ಬರೆಯುವ ಶಾನುಭೋಗಿಕೆ, ಈ ಅಧ್ಯಯನಗಳಲ್ಲಿ ಅಂಚಿನಲ್ಲೇ ಉಳಿದಿದೆ. ಅಧಿಕಾರಕ್ಕೆ ಅಂಟಿಕೊಂಡ ವಿದ್ಯೆಯನ್ನು ಜಾನಪದವೆಂದು ಒಪ್ಪಲು ವಿದ್ವಾಂಸರು ಹಿಂಜರಿದುದು ಸಹಜವೇ. ಆದರೆ ಇಂದು ಬೃಹತ್ ದತ್ತಾಂಶವೆಂದು ಕರೆಯಲಾಗುವ ಮಾಹಿತಿರಾಶಿಯನ್ನು ಬಳಸುವ ವೃತ್ತಿ ತರಬೇತಿಗೆ ಈ ಸೀಮೆಯಲ್ಲೊಂದು ಪೂರ್ವಚರಿತ್ರೆ ಇದ್ದರೆ, ಅದು ಶಾನುಭೋಗನ ಜಗಲಿಯಲ್ಲಿಯೇ ಆರಂಭವಾಗುತ್ತದೆ.

ಈ ಕಸುಬಿನ ಮುಖ್ಯ ಸಾಧನ ಕಡತ. ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಯ ಎರಡೂ ಮಗ್ಗುಲಿಗೆ ಬಳಿದು, ಒಣಗಿಸಿ, ಪದರ ಪದರವಾಗಿ ಮಡಿಸಿ ಬಳಪದಿಂದ ಬರೆಯುತ್ತಿದ್ದರು. ಬೇಕಾದಾಗ ಅಳಿಸಿ ತಿದ್ದಬಹುದಾಗಿತ್ತು. ಅಳಿಸದೆ ಬಿಟ್ಟರೆ ಬರಹ ಬಹುಕಾಲ ಉಳಿಯುತ್ತಿತ್ತು. 1810ರಲ್ಲಿ ಮೈಸೂರು ಚರಿತ್ರೆಯ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್, ಕಡತದ ಬಾಳಿಕೆಯನ್ನು ಮೆಚ್ಚಿಕೊಂಡಿರುವುದಲ್ಲದೆ, ಸರ್ಕಾರಿ ಲೆಕ್ಕಗಳಿಗೆ ಅದನ್ನು ಬಳಸಕೂಡದೆಂದು ಟಿಪ್ಪು ಸುಲ್ತಾನನು ವಿಧಿಸಿದ್ದುದನ್ನೂ ದಾಖಲಿಸಿದ್ದಾನೆ. ತಿದ್ದಬಹುದಾದ ದಾಖಲೆಯನ್ನು ಎಷ್ಟು ನಂಬಬೇಕೆಂಬ ಪ್ರಶ್ನೆ ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಕಚೇರಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ 'ಕಡತ' ಎಂಬ ಮಾತು ಈ ಕಪ್ಪು ಬಟ್ಟೆಯ ಉಳಿಕೆ.

ಕಲಿಕೆಯ ಮೊದಲ ಹಂತ ಕೂಲಿಮಠದ್ದು. ಮರಳಿನ ಮೇಲೆ ಅಕ್ಷರ, ಬಾಯಿಪಾಠದ ಮಗ್ಗಿ, ಅದರಾಚೆಗೆ ಹದಿನಾರನೆಯ ಒಂದು ಪಾಲಾದ ವೀಸ, ಅರುವತ್ತನಾಲ್ಕನೆಯ ಒಂದು ಪಾಲಾದ ಕಾಣಿ. ಕನ್ನಡದಲ್ಲಿ ವ್ಯವಹಾರದ ಲೆಕ್ಕಕ್ಕೆ ಹನ್ನೆರಡನೆಯ ಶತಮಾನದ ರಾಜಾದಿತ್ಯನ 'ವ್ಯವಹಾರಗಣಿತ'ದಷ್ಟು ಹಳೆಯ ಶಾಸ್ತ್ರಗ್ರಂಥವಿದ್ದರೂ ಹುಡುಗರು ಕಲಿತದ್ದು ಬಾಯಿಂದಲೇ. ಎರಡನೆಯ ಹಂತ ಹೊಲದಲ್ಲಿ, ಹಿರಿಯರ ಬೆನ್ನ ಹಿಂದೆ. ಹಳೆಯ ಮೈಸೂರಿನಲ್ಲಿ ನೆಲವನ್ನು ಅಳೆಯುತ್ತಿದ್ದುದು ಬಿತ್ತುವ ಬೀಜದಿಂದ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಖುಷ್ಕಿಯ ಖಂಡುಗವೂ ತರಿಯ ಖಂಡುಗವೂ ವಿಸ್ತೀರ್ಣದಲ್ಲಿ ಒಂದೇ ಅಲ್ಲ. ಆದುದರಿಂದ ನೆಲವನ್ನು ಕಾಣದವನಿಗೆ ಕಡತದ ಅಂಕಿ ಅರ್ಥವಾಗುತ್ತಿರಲಿಲ್ಲ. 1800ರಲ್ಲಿ ಈ ಎರಡೂ ಊರುಗಳನ್ನು ಹಾದುಹೋದ ಫ್ರಾನ್ಸಿಸ್ ಬುಕನನ್ನನೂ ಮಣ್ಣು, ಬೀಜ, ಬೆಳೆಗಳ ವಿವರವನ್ನು ಸ್ಥಳೀಯರನ್ನು ಕೇಳಿ ಕೇಳಿಯೇ ಬರೆದುಕೊಳ್ಳಬೇಕಾಯಿತು.

ಈ ವಿದ್ಯೆಯನ್ನು ಹಾಡಿ ಹೊಗಳಬೇಕಾಗಿಲ್ಲ. ಅದು ಕೆಲವೇ ಮನೆತನಗಳ ಸೊತ್ತಾಗಿತ್ತು. ಉಳುವವನಿಗೆ ತನ್ನ ಹೊಲದ ಲೆಕ್ಕವನ್ನೇ ಓದಲು ಬರುತ್ತಿರಲಿಲ್ಲ. ಕೆಲಸವಿಲ್ಲದ ಶಾನುಭೋಗ ಹಳೆಯ ಲೆಕ್ಕ ತೆಗೆದನೆಂಬ ಅರ್ಥದ ಗಾದೆಯಲ್ಲಿ ನಗೆಯೊಂದಿಗೆ ಭಯವೂ ಇದೆ.

1863ರಲ್ಲಿ ಆರಂಭವಾದ ಕಂದಾಯ ಮೋಜಣಿಯೊಡನೆ ಎಕರೆ, ಗುಂಟೆಗಳು ಬಂದವು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. ಆ ಸ್ಥಾನಕ್ಕೆ ಸರ್ಕಾರ ನೇಮಿಸಿದ, ವರ್ಗಾವಣೆಗೆ ಒಳಪಟ್ಟ ಗ್ರಾಮಲೆಕ್ಕಿಗರು ಬಂದರು. ಇದು ನ್ಯಾಯವಾದ ಬದಲಾವಣೆಯೇ. ಆದರೆ ಮನೆತನದ ಹಿಡಿತದೊಂದಿಗೆ ಹೊಲದ ಕಲಿಕೆಯೂ ಹೋಯಿತು; ಅದನ್ನು ಎಲ್ಲ ಜಾತಿಯ ಹುಡುಗರಿಗೂ ಕಲಿಸುವ ವ್ಯವಸ್ಥೆ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿ ಮಾನ್ಯತೆ ಕಳೆದುಕೊಂಡಿತು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ದೊರೆಯಿತು. ಗ್ರಾಮಲೆಕ್ಕಿಗರಿಗೆ ಗಣಕ ತರಬೇತಿಯೂ ಆಯಿತು. ಅಲ್ಲಿಂದ ಮುಂದಿನ ಹೆಜ್ಜೆ ಮೊಬೈಲಿನಲ್ಲಿ ಬೆಳೆ ಸಮೀಕ್ಷೆ. 2020ರಲ್ಲಿ ರೈತರೇ ತಮ್ಮ ಬೆಳೆಯ ವಿವರ ದಾಖಲಿಸುವ ಅವಕಾಶ ದೊರೆತುದು, ಶಾನುಭೋಗನ ಕಾಲವನ್ನು ನೆನೆದರೆ, ಸಣ್ಣ ಸಂಗತಿಯಲ್ಲ. ಬೆಳೆ ವಿಮೆ, ಬೆಂಬಲ ಬೆಲೆ, ಪರಿಹಾರಗಳಿಗೆ ಈ ದತ್ತಾಂಶವೇ ಆಧಾರ. ಈ ಸೀಮೆಯ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬೆಳೆಯುತ್ತವೆ. ಅಕ್ಕಡಿಯೆಂದರೇನೆಂದು ತಿಳಿಯದವರು ರಾಗಿಯೊಂದನ್ನೇ ದಾಖಲಿಸಿದರೆ, ಅಲ್ಲಿ ಅವರೆ ಇತ್ತೆಂಬುದನ್ನು ಮುಂದೆ ಯಾವ ಗಣಕವೂ ಹೇಳಲಾರದು. ನಷ್ಟ ತುಂಬಿಕೊಡಿರೆಂದು ಕೇಳಲು ರೈತನ ಬಳಿ ದಾಖಲೆಯೂ ಇರದು. ಗುಂಡಿ ಒತ್ತುವುದನ್ನು ಕಲಿಸಿದ ಮಾತ್ರಕ್ಕೆ ತರಬೇತಿ ಮುಗಿಯದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳೆಂಬ ಹೊಸ ಹೆಸರಿನ ಈ ನೌಕರರು ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ, ಸೌಕರ್ಯಗಳಿಲ್ಲದೆ ಹಲವಾರು ಮೊಬೈಲ್ ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕಾದ ಒತ್ತಡ ಅವರ ಮುಖ್ಯ ದೂರುಗಳಲ್ಲೊಂದಾಗಿತ್ತು. ಅದೇ ವರ್ಷ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಕಾರ್ಯವೂ ಆರಂಭವಾಯಿತು. ಹಳೆಯ ಹಾಳೆಗಳ ಚಿತ್ರಗಳು ಹೀಗೆ ಗಣಕದಲ್ಲಿ ತುಂಬುತ್ತಿರುವಾಗ, ಶಾನುಭೋಗರ ಮೋಡಿ ಬರಹವನ್ನೂ ವೀಸ, ಕಾಣಿಗಳ ಗುರುತನ್ನೂ ಓದಬಲ್ಲ ಹಿರಿಯರು ವಿರಳವಾಗಿದ್ದಾರೆ.