ಲೋಹವಿಷ, ಯಕೃತ್ತು ಮತ್ತು ಉತ್ಕರ್ಷಣ ನಿರೋಧಕಗಳು

ದೇಹದಲ್ಲಿ ಅತಿಯಾಗಿ ಕೂಡಿಕೊಂಡ ಲೋಹದಿಂದ ಯಕೃತ್ತು ಕೆಡುವ ಬಗೆ ಮತ್ತು ಅದನ್ನು ತಡೆಯಲು ಉತ್ಕರ್ಷಣ ನಿರೋಧಕಗಳನ್ನು, ಎಂದರೆ ಆಂಟಿಆಕ್ಸಿಡೆಂಟ್‌ಗಳನ್ನು, ಬಳಸಿ ನೋಡಿದ ಚರಿತ್ರೆ ಇದು. ತಾಮ್ರ, ಕಬ್ಬಿಣ ಮತ್ತು ಅರೆಲೋಹವಾದ ಆರ್ಸೆನಿಕ್ ಈ ಚರಿತ್ರೆಯಲ್ಲಿ ಮುಖ್ಯವಾದವು. ಕರುಳು ಹೀರಿಕೊಂಡದ್ದನ್ನು ಹೊತ್ತ ರಕ್ತ ಮೊದಲು ಸೇರುವುದು ಯಕೃತ್ತನ್ನು. ಹೆಚ್ಚಾದ ತಾಮ್ರವನ್ನು ಪಿತ್ತರಸದ ಮೂಲಕ ಹೊರಹಾಕುವುದೂ ಅದೇ. ಹಾಗಾಗಿ ಲೋಹದ ಮೊದಲ ಪೆಟ್ಟು ಬೀಳುವುದು ಅದಕ್ಕೇ.

ತಾಮ್ರ ವಿಷವಾಗಬಲ್ಲದೆಂದು ಹೇಳಿಕೊಡಲು ನಮ್ಮ ಅಡುಗೆಮನೆಗಳಿಗೆ ಪ್ರಯೋಗಶಾಲೆ ಬೇಕಿರಲಿಲ್ಲ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ಕಿಲುಬು ಹತ್ತುತ್ತದೆಂದು ಮನೆಯ ಹಿರಿಯರಿಗೆಲ್ಲ ಗೊತ್ತಿತ್ತು. ಅದಕ್ಕೆಂದೇ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿಯವನು ತಿದಿಯೊತ್ತಿ ಎಬ್ಬಿಸಿದ ಕೆಂಡದ ಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸುತ್ತಾನೆ. ಬಿಳಿ ಹೊಗೆ ಏಳುತ್ತಿದ್ದಂತೆ ತವರದ ಕಡ್ಡಿಯನ್ನು ಒಳಮೈಗೆ ಮುಟ್ಟಿಸುತ್ತಾನೆ. ತವರ ಕರಗಿ ಹನಿಯಾಗಿ ಜಾರುವಷ್ಟರಲ್ಲಿ ಹತ್ತಿಯಿಂದ ಸುತ್ತಲೂ ಒರೆಸಿಬಿಟ್ಟರೆ, ಹಳದಿ ಪಾತ್ರೆಯ ಒಳಗು ಬೆಳ್ಳಗೆ ಹೊಳೆಯುತ್ತದೆ. ತಾಮ್ರಕ್ಕೂ ಆಹಾರಕ್ಕೂ ನಡುವೆ ನಿಂತ ಈ ತೆಳು ಪೊರೆ ಬಳಸುತ್ತ ಬಳಸುತ್ತ ಸವೆಯುತ್ತದೆ. ಸವೆದ ಪಾತ್ರೆಯಲ್ಲಿ ಹುಳಿ ಇಡಬಾರದೆಂಬ ಎಚ್ಚರ ಎಲ್ಲರಿಗೂ ಇತ್ತು. ಹಾಲಿನ ಬಗ್ಗೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಹಾಲು ಹುಳಿಯಲ್ಲ, ಬಣ್ಣ ಬದಲಿಸುವುದಿಲ್ಲ, ರುಚಿಯೂ ಕೆಡುವುದಿಲ್ಲ.

ಒಂದರಿಂದ ಮೂರು ವರ್ಷದ ಮಕ್ಕಳ ಹೊಟ್ಟೆ ಉಬ್ಬಿ, ಯಕೃತ್ತು ಕಲ್ಲಿನಂತೆ ಗಟ್ಟಿಯಾಗಿ, ಕಾಮಾಲೆ ಏರಿ ಕೆಲವೇ ತಿಂಗಳಲ್ಲಿ ಸಾವು ತರುತ್ತಿದ್ದ ಕಾಯಿಲೆಯೊಂದನ್ನು 1887ರಲ್ಲಿ ಕಲ್ಕತ್ತೆಯ ವೈದ್ಯ ಸೇನ್ ವರದಿ ಮಾಡಿದರು. ಮುಂದೆ ಇದಕ್ಕೆ ಭಾರತೀಯ ಶಿಶು ಸಿರೋಸಿಸ್ ಎಂಬ ಹೆಸರು ನಿಂತಿತು. ಸುಮಾರು ತೊಂಬತ್ತು ವರ್ಷ ಇದರ ಕಾರಣ ತಿಳಿಯಲಿಲ್ಲ. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಮಗುವನ್ನು ಕಳೆದುಕೊಂಡ ತಾಯಂದಿರಿದ್ದರು. 1970ರ ದಶಕದ ಕೊನೆಯಲ್ಲಿ ಈ ಮಕ್ಕಳ ಯಕೃತ್ತಿನ ಚೂರುಗಳನ್ನು ಆರ್ಸೀಯಿನ್ ಎಂಬ ಬಣ್ಣದಿಂದ ಪರೀಕ್ಷಿಸಿದಾಗ ಜೀವಕೋಶಗಳ ತುಂಬ ತಾಮ್ರ ಹಿಡಿದಿಟ್ಟ ಪ್ರೋಟೀನಿನ ಕಣಗಳು ಕಂಡವು. ಆರೋಗ್ಯವಂತರ ಯಕೃತ್ತಿನ ಒಣತೂಕದ ಗ್ರಾಂ ಒಂದರಲ್ಲಿ ಸುಮಾರು 50 ಮೈಕ್ರೊಗ್ರಾಂ ಒಳಗೇ ಇರುವ ತಾಮ್ರ ಇಲ್ಲಿ 800 ದಾಟಿತ್ತು.

ಪುಣೆಯ ಕೆಇಎಂ ಆಸ್ಪತ್ರೆಯ ಆನಂದ ಪಂಡಿತ್, ಶೀಲಾ ಭಾವೆ ಮತ್ತು ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ ಮನೆಮನೆಯ ಪಾತ್ರೆಗಳ ಬಗ್ಗೆ ಕೇಳಿ ನೋಡಿದರು. ಕಾಯಿಲೆ ಬಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಎಳವೆಯಲ್ಲೇ ಎದೆಹಾಲಿನ ಬದಲು ದನದ ಅಥವಾ ಎಮ್ಮೆಯ ಹಾಲು ಕುಡಿಸಿದ್ದರು. ಆ ಹಾಲನ್ನು ಕಾಯಿಸಿ ಇಟ್ಟದ್ದು ಹಿತ್ತಾಳೆ ಪಾತ್ರೆಯಲ್ಲಿ. 1983ರಲ್ಲಿ ಪ್ರಕಟವಾದ ಈ ವಿವರಕ್ಕೆ ಮುಂದಿನ ಪ್ರಯೋಗಗಳು ಬಲ ಕೊಟ್ಟವು: ಹಾಲಿನ ಕೇಸೀನ್ ತಾಮ್ರವನ್ನು ಪಾತ್ರೆಯಿಂದ ಎಳೆದು ತನ್ನಲ್ಲಿ ಹಿಡಿದುಕೊಳ್ಳುತ್ತದೆ. ಹಾಗೆ ಕುಡಿದ ಮಕ್ಕಳೆಲ್ಲರೂ ಕಾಯಿಲೆ ಬೀಳಲಿಲ್ಲವಾದ್ದರಿಂದ ಆನುವಂಶಿಕ ದೌರ್ಬಲ್ಯವೊಂದು ಜೊತೆಗಿರಬೇಕೆಂಬ ಊಹೆ ಉಳಿದಿದೆ. ಪಾತ್ರೆಯ ಪಾತ್ರವನ್ನು ಅದು ಅಲ್ಲಗಳೆಯುವುದಿಲ್ಲ. ಆಸ್ಟ್ರಿಯಾದ ಟೈರೋಲ್ ಕಣಿವೆಗಳಲ್ಲಿ 1900ರಿಂದ 1974ರವರೆಗೆ ಇದೇ ಬಗೆಯ ಕಾಯಿಲೆಗೆ 138 ಶಿಶುಗಳು ತುತ್ತಾಗಿದ್ದನ್ನು 1996ರಲ್ಲಿ ಪತ್ತೆ ಹಚ್ಚಿದರು. ಅಲ್ಲಿಯೂ ಹಸುವಿನ ಹಾಲನ್ನು ಕಲಾಯಿಯಿಲ್ಲದ ತಾಮ್ರದ ಪಾತ್ರೆಯಲ್ಲಿ ಕಾಯಿಸುತ್ತಿದ್ದರು. ಅಲ್ಲೂ ಇಲ್ಲೂ ಪಾತ್ರೆ ಬದಲಾದಂತೆ ಕಾಯಿಲೆ ಮರೆಯಾಯಿತು. ನಮ್ಮಲ್ಲಿ ಆ ಕೆಲಸ ಮಾಡಿದ್ದು ಸ್ಟೀಲ್ ಪಾತ್ರೆ.

ಹೊರಗಿನ ತಾಮ್ರ ಹೆಚ್ಚಿಲ್ಲದೆಯೂ ಯಕೃತ್ತಿನಲ್ಲಿ ಅದು ಕೂಡಿಕೊಳ್ಳುವ ಆನುವಂಶಿಕ ರೋಗವೊಂದಿದೆ, ವಿಲ್ಸನ್ ರೋಗ. 1912ರಲ್ಲಿ ಲಂಡನ್ನಿನ ನರವೈದ್ಯ ಕಿನ್ನಿಯರ್ ವಿಲ್ಸನ್ ಇದನ್ನು ವಿವರಿಸಿದಾಗ ಮಿದುಳು ಮತ್ತು ಯಕೃತ್ತು ಒಟ್ಟಿಗೆ ಕೆಡುತ್ತವೆಂದು ಬರೆದರೇ ಹೊರತು ಅದರ ಹಿಂದೆ ತಾಮ್ರವಿದೆಯೆಂದು ಅವರಿಗೆ ಗೊತ್ತಿರಲಿಲ್ಲ. 1948ರಲ್ಲಿ ಕಮಿಂಗ್ಸ್ ಎರಡೂ ಅಂಗಗಳಲ್ಲಿ ತಾಮ್ರ ಅತಿಯಾಗಿರುವುದನ್ನು ಅಳೆದು ತೋರಿಸಿ, ಅದನ್ನು ಹೊರತೆಗೆಯಲು ಬಿಎಎಲ್ ಎಂಬ ಔಷಧವನ್ನು ಸೂಚಿಸಿದರು. ಆರ್ಸೆನಿಕ್ ಇರುವ ಲೂಯಿಸೈಟ್ ಎಂಬ ಯುದ್ಧವಿಷಕ್ಕೆ ಪ್ರತಿವಿಷವಾಗಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ ತಂಡ ತಯಾರಿಸಿದ ಔಷಧ ಅದು. ಅದರ ಬಲವಿರುವುದು ಅಣುವಿನಲ್ಲಿರುವ ಗಂಧಕದ ಎರಡು ಥಯಾಲ್ ಗುಂಪುಗಳಲ್ಲಿ. ಥಯಾಲ್‌ಗಳ ಹಳೆಯ ಹೆಸರು ಮರ್ಕ್ಯಾಪ್ಟನ್. ಲ್ಯಾಟಿನ್‌ನಲ್ಲಿ ಪಾದರಸವನ್ನು ಹಿಡಿಯುವುದು ಎಂದು ಅರ್ಥ. ಲೋಹಕ್ಕೂ ಗಂಧಕಕ್ಕೂ ಇರುವ ಈ ನಂಟು ನಮ್ಮ ರಸಶಾಸ್ತ್ರಕಾರರಿಗೂ ಪರಿಚಿತ. ಪಾದರಸವನ್ನು ಗಂಧಕದೊಡನೆ ಅರೆದು ಕಪ್ಪು ಕಜ್ಜಲಿ ಮಾಡುವ ಕ್ರಮ ಅವರದು.

ಬಿಎಎಲ್ ಅನ್ನು ಕಡಲೆಕಾಯಿ ಎಣ್ಣೆಯಲ್ಲಿ ಕಲಸಿ ಮಾಂಸಖಂಡಕ್ಕೆ ಚುಚ್ಚಬೇಕಿತ್ತು. ಆ ನೋವನ್ನು ಸಹಿಸಿ ವರ್ಷಗಟ್ಟಲೆ ಚಿಕಿತ್ಸೆ ಪಡೆಯುವುದು ರೋಗಿಗಳಿಗೆ ಆಗದ ಮಾತಾಗಿತ್ತು. ಇದಕ್ಕೆ ದಾರಿ ಸಿಕ್ಕಿದ್ದು 1950ರ ದಶಕದ ನಡುವೆ ಅಮೆರಿಕದ ಬಾಸ್ಟನ್ನಿನಲ್ಲಿದ್ದ ಬ್ರಿಟಿಷ್ ವೈದ್ಯ ಜಾನ್ ವಾಲ್ಶ್ ಅವರಿಗೆ. ಪೆನಿಸಿಲಿನ್ ಪಡೆದ ಯಕೃತ್ ರೋಗಿಗಳ ಮೂತ್ರದಲ್ಲಿ ಪೆನಿಸಿಲಮೈನ್ ಎಂಬ ಥಯಾಲ್ ಇರುವುದನ್ನು ಅವರು ಲಂಡನ್ನಿನಲ್ಲಿ ಹಿಂದೆಯೇ ಗುರುತಿಸಿದ್ದರು. ವಿಲ್ಸನ್ ರೋಗಿಯೊಬ್ಬರ ಹಾಸಿಗೆಯ ಬಳಿ ಅದು ನೆನಪಿಗೆ ಬಂತು. ಮೊದಲು ತಾವೇ ನುಂಗಿ ನೋಡಿ ಆಮೇಲೆ ರೋಗಿಗೆ ಕೊಟ್ಟರು. ಮೂತ್ರದಲ್ಲಿ ತಾಮ್ರ ಇಳಿದು ಬಂತು. 1956ರಲ್ಲಿ ಪ್ರಕಟವಾದ ಈ ಚಿಕಿತ್ಸೆಯಿಂದ ಅದುವರೆಗೆ ಮಾರಕವಾಗಿದ್ದ ರೋಗವೊಂದು ನಿಭಾಯಿಸಬಹುದಾದ ರೋಗವಾಯಿತು. ಪುಣೆಯ ತಂಡ ಇದೇ ಔಷಧವನ್ನು ಶಿಶು ಸಿರೋಸಿಸ್‌ಗೂ ಕೊಟ್ಟು, ರೋಗ ಬಲಿಯುವ ಮೊದಲೇ ಬಂದ ಮಕ್ಕಳನ್ನು ಉಳಿಸಿಕೊಂಡಿತು. ಸೋದರ ಸಂಬಂಧದಲ್ಲಿ ಮದುವೆ ಹೆಚ್ಚಿರುವ ದಕ್ಷಿಣ ಭಾರತದಲ್ಲಿ ವಿಲ್ಸನ್ ರೋಗ ಅಷ್ಟೇನೂ ಅಪರೂಪವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮೂರು ದಶಕಗಳಲ್ಲಿ ಪರೀಕ್ಷಿಸಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿತು.

ಕೂಡಿದ ಲೋಹ ಜೀವಕೋಶವನ್ನು ಕೊಲ್ಲುವುದು ಹೇಗೆ ಎಂಬುದಕ್ಕೆ ಉತ್ತರ ಬೇರೆ ದಿಕ್ಕಿನಿಂದ ಬಂತು. ಹುಣಸೆಹಣ್ಣಿನ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡನ್ನೂ ಚೂರು ಕಬ್ಬಿಣದ ಲವಣವನ್ನೂ ಸೇರಿಸಿದರೆ ಆಮ್ಲ ವೇಗವಾಗಿ ಉತ್ಕರ್ಷಣಗೊಳ್ಳುತ್ತದೆಂದು ಕೇಂಬ್ರಿಡ್ಜಿನ ಹೆನ್ರಿ ಫೆಂಟನ್ 1894ರಲ್ಲಿ ಬರೆದರು. ಹಾಗೆ ಹುಟ್ಟುವ ಕಿಡಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂದು ಹೇಬರ್ ಮತ್ತು ವೈಸ್ 1934ರಲ್ಲಿ ಸೂಚಿಸಿದರು. ಜೀವಕೋಶದಲ್ಲಿ ಪೆರಾಕ್ಸೈಡ್ ಸದಾ ಇದ್ದೇ ಇರುತ್ತದೆ. ಯಾರ ಹಿಡಿತಕ್ಕೂ ಸಿಗದ ಕಬ್ಬಿಣವೋ ತಾಮ್ರವೋ ಅದಕ್ಕೆ ಎದುರಾದರೆ ಸಾಕು, ಪೊರೆಯ ಕೊಬ್ಬು ಸರಪಳಿಯಂತೆ ಒಂದರ ಹಿಂದೊಂದು ಮುಗ್ಗತೊಡಗುತ್ತದೆ. ಹಳೆಯ ಎಣ್ಣೆ ಕಮಟುವುದೂ ಇದೇ ಕ್ರಿಯೆಯಿಂದ.

ಇದನ್ನು ತಡೆಯುವ ವ್ಯವಸ್ಥೆಯೂ ಯಕೃತ್ತಿನಲ್ಲೇ ಇದೆ. 1921ರಲ್ಲಿ ಹಾಪ್ಕಿನ್ಸ್ ಬೇರ್ಪಡಿಸಿದ ಗ್ಲುಟಾಥಯೋನ್ ಅದರ ನಡುಗಂಬ. ಅದೂ ಥಯಾಲೇ: ಲೋಹವನ್ನೂ ಹಿಡಿಯುತ್ತದೆ, ಪೆರಾಕ್ಸೈಡನ್ನೂ ತಣಿಸುತ್ತದೆ. ಯೀಸ್ಟ್ ಆಧಾರಿತ ಆಹಾರ ತಿಂದ ಇಲಿಗಳ ಯಕೃತ್ತು ಕೊಳೆಯುವುದನ್ನು ಇ ಜೀವಸತ್ವ ತಡೆಯುತ್ತದೆ ಎಂಬುದು ತಿಳಿದಿತ್ತು. ಅದನ್ನೇ ಮಾಡುವ ಇನ್ನೊಂದು ವಸ್ತು ಸೆಲೆನಿಯಂ ಎಂದು ಕ್ಲಾಸ್ ಶ್ವಾರ್ಜ್ 1957ರಲ್ಲಿ ತೋರಿಸಿದರು. 1973ರಲ್ಲಿ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದೊಳಗೆ ಆ ಸೆಲೆನಿಯಂ ಸಿಕ್ಕಿತು. ಇದಕ್ಕೆ ಮೊದಲು, 1969ರಲ್ಲಿ, ಮೆಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದ ಇನ್ನೊಂದು ರಕ್ಷಕ ಕಿಣ್ವ ಸೂಪರಾಕ್ಸೈಡ್ ಡಿಸ್‌ಮ್ಯುಟೇಸ್ ಕೆಲಸ ಮಾಡಲು ತಾಮ್ರವೇ ಬೇಕು. ಪ್ರೋಟೀನಿನ ಹಿಡಿತದಲ್ಲಿದ್ದಾಗ ಕಾಯುವ ಲೋಹವೇ ಬಿಡಿಯಾದಾಗ ಕೊಲ್ಲುತ್ತದೆ.

ಬಿಡಿ ತಾಮ್ರವನ್ನು ಪ್ರೋಟೀನಿನ ಹಿಡಿತಕ್ಕೆ ತರಲು ನೆರವಾಗುವುದು ಸತು. 1957ರಲ್ಲಿ ಮಾರ್ಗೋಶೆಸ್ ಮತ್ತು ವ್ಯಾಲೀ ಕುದುರೆಯ ಮೂತ್ರಪಿಂಡದಲ್ಲಿ ಕಂಡ ಮೆಟಲೋಥಯೊನೀನ್ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಗಂಧಕವುಳ್ಳ ಸಿಸ್ಟೀನ್. ಸತು ಸೇವಿಸಿದರೆ ಕರುಳಿನ ಕೋಶಗಳು ಇದನ್ನು ಹೇರಳವಾಗಿ ತಯಾರಿಸುತ್ತವೆ. ಊಟದ ತಾಮ್ರ ಅದರಲ್ಲೇ ಸಿಕ್ಕಿಕೊಂಡು, ಕೋಶ ಉದುರಿದಾಗ ಮಲದೊಡನೆ ಹೊರಟುಹೋಗುತ್ತದೆ. ನೆದರ್ಲೆಂಡ್ಸಿನ ಸ್ಖೌವಿಂಕ್ 1961ರಲ್ಲೇ ಇದನ್ನು ವಿಲ್ಸನ್ ರೋಗಕ್ಕೆ ಬಳಸಿದ್ದರು. ಅಮೆರಿಕದಲ್ಲಿ ಜಾರ್ಜ್ ಬ್ರೂವರ್ ಮುಂದುವರಿಸಿದ ಕೆಲಸದಿಂದ 1997ರಲ್ಲಿ ಸತುವಿನ ಅಸಿಟೇಟಿಗೆ ಅಲ್ಲಿ ಅಧಿಕೃತ ಅನುಮತಿ ಸಿಕ್ಕಿತು.

ಕಬ್ಬಿಣದ ವಿಷಯದಲ್ಲಿ ಉತ್ಕರ್ಷಣ ನಿರೋಧಕವೇ ತಿರುಗಿಬಿದ್ದದ್ದುಂಟು. ಸಿ ಜೀವಸತ್ವ ಕರುಳಿನಲ್ಲಿ ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ, ಕಬ್ಬಿಣವನ್ನು ಫೆಂಟನ್ ಕ್ರಿಯೆಗೆ ಬೇಕಾದ ರೂಪಕ್ಕೂ ತರುತ್ತದೆ. ಪದೇ ಪದೇ ರಕ್ತ ಪಡೆದು ಕಬ್ಬಿಣ ಕೂಡಿಕೊಳ್ಳುವ ಥಲಸ್ಸೀಮಿಯ ರೋಗಿಗಳಿಗೆ ಅದನ್ನು ಕೊಡಬೇಕಾದರೆ ಕಬ್ಬಿಣ ಹಿಡಿಯುವ ಡೆಫೆರಾಕ್ಸಮಿನ್ ಜೊತೆಗೆ, ಸಣ್ಣ ಪ್ರಮಾಣದಲ್ಲಿ ಮಾತ್ರ ಎಂಬ ಎಚ್ಚರ 1980ರ ದಶಕದಿಂದ ಜಾರಿಯಲ್ಲಿದೆ.

ಪಶ್ಚಿಮ ಬಂಗಾಳದಲ್ಲಿ ಕೊಳವೆಬಾವಿಯ ಆರ್ಸೆನಿಕ್ ನೀರು ಕುಡಿದವರ ಯಕೃತ್ತಿನಲ್ಲಿ ನಾರು ಬೆಳೆಯುವುದನ್ನು ಗುಹಾ ಮಜುಂದಾರ್ 1980ರ ದಶಕದಲ್ಲಿ ದಾಖಲಿಸಿದರು. ಅಂಥ ನೀರು ಕುಡಿಸಿದ ಇಲಿಗಳಲ್ಲಿ ನಾರು ಕಾಣಿಸುವ ತಿಂಗಳುಗಳ ಮೊದಲೇ ಗ್ಲುಟಾಥಯೋನ್ ಇಳಿದಿತ್ತು. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಫ್ಲೋರಾ ತಂಡ ಡಿಎಂಎಸ್‌ಎ ಎಂಬ ಲೋಹಗ್ರಾಹಿಯ ಜೊತೆ ಉತ್ಕರ್ಷಣ ನಿರೋಧಕವಾದ ಎನ್-ಅಸಿಟೈಲ್‌ಸಿಸ್ಟೀನ್ ಕೊಟ್ಟಾಗ, ಒಂದೊಂದನ್ನೇ ಕೊಟ್ಟದ್ದಕ್ಕಿಂತ ಇಲಿಗಳು ಚೆನ್ನಾಗಿ ಚೇತರಿಸಿಕೊಂಡವು. ಅರಿಸಿನದ ಕರ್ಕ್ಯುಮಿನ್, 1968ರಲ್ಲಿ ಮ್ಯೂನಿಕ್ಕಿನಲ್ಲಿ ಮುಳ್ಳುಗಿಡವೊಂದರ ಬೀಜದಿಂದ ತೆಗೆದ ಸಿಲಿಮರಿನ್, ಇ ಜೀವಸತ್ವ ಇವುಗಳ ಬಗ್ಗೆಯೂ ಇಂಥ ಇಲಿ ಪ್ರಯೋಗಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಬಹಳಷ್ಟರಲ್ಲಿ ನಿರೋಧಕವನ್ನು ಲೋಹಕ್ಕೆ ಮುಂಚೆ ಅಥವಾ ಜೊತೆಯಲ್ಲೇ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ವಿಷ ಕುಡಿದ ಮೇಲೆ ಆಸ್ಪತ್ರೆಗೆ ಬರುವ ಮನುಷ್ಯನ ಸ್ಥಿತಿ ಅದಲ್ಲ. ವಿಲ್ಸನ್ ರೋಗಿಗಳ ಯಕೃತ್ತಿನ ಮೈಟೊಕಾಂಡ್ರಿಯಗಳಲ್ಲಿ ಕೊಬ್ಬು ಉತ್ಕರ್ಷಣಗೊಂಡಿರುವುದನ್ನು 1994ರಲ್ಲಿ ಸೋಕೋಲ್ ಮತ್ತು ಸಂಗಡಿಗರು ತೋರಿಸಿದ ಮೇಲೆ ಕೆಲವು ವೈದ್ಯರು ಇ ಜೀವಸತ್ವವನ್ನು ಜೊತೆಗೆ ಕೊಡುತ್ತಾರೆ. ಪೆನಿಸಿಲಮೈನ್, ಅದರಂತೆಯೇ ತಾಮ್ರ ಹಿಡಿಯುವ ಟ್ರೈಯೆಂಟೀನ್, ಸತು ಇವುಗಳ ಬದಲಿಗೆ ಕೊಡುವುದಿಲ್ಲ.

ನಿರೋಧಕವೆಂದು ನುಂಗಿದ್ದೇ ಯಕೃತ್ತಿಗೆ ಕೇಡಾದದ್ದೂ ಉಂಟು. 2019ರಲ್ಲಿ ಇಟಲಿಯಲ್ಲಿ ಅರಿಸಿನದ ಸಾರದ ಮಾತ್ರೆ ನುಂಗಿದ ಹಲವರಿಗೆ ಯಕೃತ್ತಿನ ಉರಿಯೂತವಾಯಿತು. ಅಡುಗೆಯ ಚಿಟಿಕೆ ಅರಿಸಿನಕ್ಕೂ ಹೀರಿಕೆ ಹೆಚ್ಚಿಸಲು ಕಾಳುಮೆಣಸಿನ ಸತ್ವ ಬೆರೆಸಿದ ಮಾತ್ರೆಗಳಿಗೂ ಪ್ರಮಾಣದಲ್ಲಿ ಬಹಳ ಅಂತರವಿದೆ. ಈಗ ಮತ್ತೆ ಬಳಕೆಗೆ ಬಂದಿರುವ ತಾಮ್ರದ ಬಾಟಲಿಗಳ ವಿಷಯದಲ್ಲೂ ಪ್ರಮಾಣವೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಲೀಟರಿಗೆ 2 ಮಿಲಿಗ್ರಾಂ ತಾಮ್ರದ ಮಿತಿ ಹಾಕಿದೆ. ಆ ಬಾಟಲಿಯಲ್ಲಿ ನಿಂಬೆ ಪಾನಕ, ಮಜ್ಜಿಗೆ, ಹಾಲು ಇಡಬಾರದು. ವಿಲ್ಸನ್ ರೋಗವಿರುವವರು ಅದರಲ್ಲಿಟ್ಟ ನೀರನ್ನೂ ಕುಡಿಯಬಾರದು.