ಮಣ್ಣೆಯ ಕಲ್ಲು, ಮಕ್ಕಳ ಓದು

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಬಿ.ಎ. ಮುಗಿಸಿ, "ಕಲೆಯ ಇತಿಹಾಸ ಓದುತ್ತೇನೆ, ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರುತ್ತೇನೆ" ಎಂದರೆ ನೀವೇನೆನ್ನುವಿರಿ? "ಒಡೆದ ವಿಗ್ರಹ ಕಾಯುವುದಕ್ಕೆ ಎಂ.ಎ. ಏಕೆ?" ಎನ್ನುವವರೇ ಹೆಚ್ಚು. ಹಾಗೆನ್ನುವ ಮೊದಲು ನನ್ನೊಡನೆ ತ್ಯಾಮಗೊಂಡ್ಲಿಗೆ ಬನ್ನಿ.

ಅಲ್ಲಿಗೆ ಸಮೀಪದಲ್ಲೇ ಮಣ್ಣೆ ಎಂಬ ಹಳ್ಳಿಯುಂಟು. ಎಂಟನೆಯ ಶತಮಾನದಲ್ಲಿ ಅದು ಮಾನ್ಯಪುರ. ಗಂಗದೊರೆ ಶ್ರೀಪುರುಷನ ಬೀಡು. ಅಲ್ಲಿನ ಕಪಿಲೇಶ್ವರ ದೇವಾಲಯದ ಬಾಗಿಲವಾಡದ ಕೆತ್ತನೆಯನ್ನು ಕಂಡವರು ಬೇಗನೆ ಮರೆಯಲಾರರು. ಆದರೆ ಈ ಹಳ್ಳಿಯೇ ಆ ರಾಜಧಾನಿಯೆಂದು ನಮಗೆ ತಿಳಿದದ್ದು ಹೇಗೆ? ಶಾಸನಗಳನ್ನು ಓದಬಲ್ಲವರಿದ್ದುದರಿಂದ. ಬಿ.ಎಲ್. ರೈಸ್ ಅವರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಸಂಪುಟವನ್ನು ಹೊರತಂದಾಗ ಮಣ್ಣೆಯ ತಾಮ್ರಪಟಗಳೂ ಅದರಲ್ಲಿ ಸೇರಿದವು. 797ರ ಪಟವು ಶ್ರೀವಿಜಯನೆಂಬ ದಂಡನಾಯಕ ಇಲ್ಲಿ ಜಿನಾಲಯ ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ.

ಈ ವಿದ್ಯೆಗೆ ನಮ್ಮಲ್ಲೇ ಹಿರಿಯರುಂಟು. ಡಾ. ಎಂ.ಎಚ್. ಕೃಷ್ಣ ಅವರು ಲಂಡನ್ನಿನಲ್ಲಿ ಓದಿ ಡಿ.ಲಿಟ್. ಪಡೆದು ಬಂದವರು, ಮೈಸೂರಿನ ಪುರಾತತ್ತ್ವ ಇಲಾಖೆಯನ್ನು ನಡೆಸಿದರು, ಚಂದ್ರವಳ್ಳಿಯಲ್ಲಿ ಅಗೆಸಿದರು. 1936ರಲ್ಲಿ ಹಲ್ಮಿಡಿ ಶಾಸನದ ಬೆಲೆಯನ್ನು ಗುರುತಿಸಿದವರೂ ಅವರೇ. ಅಲ್ಲಿಯವರೆಗೆ ಅದು ಊರಿನ ಒಂದು ಕಲ್ಲು, ಅಷ್ಟೆ.

ಇನ್ನು ವಸ್ತುಸಂಗ್ರಹಾಲಯದ ಮಾತು. 1865ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಕಲ್ಲನ್ನು ನೋಡಿದ್ದೀರಾ? ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನು, ಬೇಕಾದ್ದನ್ನು ಕೇಳೆಂದು ಒಡೆಯನು ಹೇಳಿದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನಂತೆ! ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಿತು, ಹಂದಿಯೂ ಉಳಿಯಲಿಲ್ಲ. ಕಾಳಿಗಾಗಿ ನಿಲ್ಲಿಸಿದ ಈ ಕಲ್ಲು ತನ್ನ ಕಥೆಯನ್ನು ತಾನೇ ಹೊತ್ತು ತಂದಿದೆ. ಬರಹವಿಲ್ಲದ ಮೂರ್ತಿಯ ಗತಿ ಬೇರೆ. ಎಲ್ಲಿಂದ ಬಂತು, ಯಾವ ಗುಡಿಯದು, ಯಾವ ಗೋಡೆಯಲ್ಲಿತ್ತು ಎಂಬುದನ್ನು ದಾಖಲೆಗೆ ಬರೆಯುವವರಿಲ್ಲದಿದ್ದರೆ ಅದು ಅನಾಥ. ಕಳುವಾದರೆ ನಮ್ಮದೆಂದು ಸಾಧಿಸುವುದೂ ಕಷ್ಟ. ಕಾಯುವುದು ಎಂದರೆ ಬರಿಯ ಬೀಗ ಹಾಕುವುದಲ್ಲ, ನೋಡಿ.

ಬರೋಡದ ವಿಶ್ವವಿದ್ಯಾನಿಲಯ 1952ರಲ್ಲೇ ಈ ಕೆಲಸಕ್ಕೆಂದು ಸ್ನಾತಕೋತ್ತರ ಶಿಕ್ಷಣ ಆರಂಭಿಸಿತು. ಹಳಗನ್ನಡ ಬೇಕು, ಸಂಸ್ಕೃತ ಬೇಕು, ಲಿಪಿಯ ಪರಿಚಯ ಬೇಕು. ಕಲ್ಲು ಲೋಹಗಳನ್ನು ಕೆಡದಂತೆ ಇಡಲು ರಸಾಯನಶಾಸ್ತ್ರವೂ ಬೇಕು. ಇಷ್ಟು ಕಲಿತರೂ ಹುದ್ದೆಗಳು ಕಡಿಮೆ, ಕಾಯುವ ವರ್ಷಗಳು ಹೆಚ್ಚು. ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ.

ಬಿಡುವಾದ ಒಂದು ಭಾನುವಾರ ಅವರನ್ನು ಮಣ್ಣೆಗೆ ಕರೆದುಕೊಂಡು ಹೋಗಿ. ಆ ಬಾಗಿಲವಾಡದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ನೋಡಿ.